ಅಮ್ಮನ ಎದೆಯಲ್ಲಿ ಕೂತವನಿಗೆ

ಅಪ್ಪಾ,

ನೀನು ಹೋಗಿ ಒಂಬತ್ತು ವರ್ಷವಾದ ಮೇಲೆ ಈ ಕಾಗದ. ಅಮ್ಮನ ಕಣ್ಣಿಗೆ ಬೀಳದಿರಲೆಂದು, ನಾನು ಕೆಲಸ ಮಾಡುವ ಆಸ್ಪತ್ರೆಯ ಲ್ಯಾಬಿನ ಮೇಜಿನ ಮೇಲೆ ಬರೆಯುತ್ತಿದ್ದೇನೆ.

ಕಳೆದ ವರ್ಷ ಅಮ್ಮ ಬಲಮಗ್ಗುಲಿಗೇ ಮಲಗತೊಡಗಿದಳು. "ನಿಮ್ಮಪ್ಪ ಇಲ್ಲಿ ಬಂದು ಕೂತಿದ್ದಾರೆ ಕಣೇ," ಎಂದು ಪಕ್ಕೆ ಮುಟ್ಟಿ ತೋರಿಸಿದಳು. "ಬದುಕಿದ್ದಾಗ ಒಂದು ಗಳಿಗೆ ಮನೇಲಿ ಕೂರಲಿಲ್ಲ. ಈಗ ನೋಡು, ಏಳೋ ಹಾಗೇ ಕಾಣಲ್ಲ." ನಾನು ನಕ್ಕೆ. ಆದರೆ ಒಂದು ಮಧ್ಯಾಹ್ನ ಅವಳ ಕೋಣೆಯಿಂದ ಕೆಮ್ಮು ಕೇಳಿಸಿತು. ಎರಡು ಸಣ್ಣ ಕೆಮ್ಮು, ಕೊನೆಗೊಂದು "ಹ್ಞಾಂ". ಅದು ನಿನ್ನ ಕೆಮ್ಮು, ಅಪ್ಪಾ. ಓಡಿಹೋಗಿ ನೋಡಿದರೆ ಅಮ್ಮ ಒಬ್ಬಳೇ. ಬೆನ್ನಿಗೆ ಕಿವಿಯಿಟ್ಟೆ. ಎಡಗಡೆ ಉಸಿರಾಡುತ್ತಿತ್ತು. ಬಲಗಡೆ ಏನೂ ಇಲ್ಲ, ಬಾಗಿಲ ಹಿಂದೆ ಯಾರೋ ಉಸಿರು ಬಿಗಿಹಿಡಿದು ನಿಂತ ಹಾಗೆ.

ಶ್ವಾಸಕೋಶದ ಸುತ್ತ ನೀರು ತುಂಬಿದೆ ಎಂದರು ಡಾಕ್ಟರು. ಹೃದಯ ಸೋತಿರಬಹುದು, ಕ್ಯಾನ್ಸರೂ ಇರಬಹುದು. ಸೂಜಿ ಹಾಕಿ ತೆಗೆದ ನೀರು ನನ್ನ ಮೇಜಿಗೇ ಬಂತು. ತಿಳಿ ಹಳದಿ, ಸೀಸೆ ಇನ್ನೂ ಬೆಚ್ಚಗಿತ್ತು. ಪ್ರೋಟೀನ್ ರಕ್ತದಲ್ಲಿರುವುದರ ಮುಕ್ಕಾಲು ಪಾಲು ಇತ್ತು, ಅಂದರೆ ಹೃದಯ ಸೋತು ಸೋರಿದ ನೀರಲ್ಲ. ಆಮೇಲೆ ಎಡಿಎ ಎಂಬ ಕಿಣ್ವವನ್ನು ಅಳೆದೆ, ಕ್ಷಯವಿದ್ದರೆ ಏರುವಂಥದು. ನಲವತ್ತು ದಾಟಿದರೆ ಅನುಮಾನ, ಎಂಬತ್ತನಾಲ್ಕು ಬಂತು. ನಂಬದೆ ಮತ್ತೆ ಮಾಡಿದೆ. ಎಂಬತ್ತನಾಲ್ಕೇ. ಕ್ಯಾನ್ಸರ್ ಕೋಶ ಒಂದೂ ಸಿಗಲಿಲ್ಲ.

"ಮನೇಲಿ ಯಾರಿಗಾದ್ರೂ ಕ್ಷಯ ಇತ್ತಾ?" ಡಾಕ್ಟರು ಕೇಳಿದರು. "ವರ್ಷಗಟ್ಟಲೆ ಒಳಗೆ ಮಲಗಿದ್ದು ಈಗ ಎದ್ದಿರಬಹುದು."

ನಿನ್ನ ಕೊನೆಯ ಚಳಿಗಾಲ ನೆನಪಾಯಿತು. "ಗರಗಸದ ಪುಡಿ ಕಣೇ, ಬಡಗಿಗೆ ಇದೆಲ್ಲ ಇದ್ದದ್ದೇ," ಎನ್ನುತ್ತ ಆಸ್ಪತ್ರೆಯ ಮೆಟ್ಟಿಲು ಹತ್ತದೆಯೇ ಹೋಗಿಬಿಟ್ಟೆ. ಅಮ್ಮ ಹೇಳಿದ್ದು ಸುಳ್ಳಲ್ಲ. ನೀನು ಬಿಟ್ಟ ಉಸಿರು ಇಷ್ಟು ವರ್ಷ ಅವಳೊಳಗೆ ಸದ್ದಿಲ್ಲದೆ ಕೂತಿತ್ತು.

ಮಾತ್ರೆಗಳನ್ನು ಅಂಗೈಯಲ್ಲಿ ಇಟ್ಟುಕೊಂಡು ಅಮ್ಮ ಕೇಳಿದಳು: "ಇದನ್ನ ನುಂಗಿದ್ರೆ ಅವರು ಹೋಗ್ಬಿಡ್ತಾರಾ?"

"ಇಲ್ಲಮ್ಮಾ," ಎಂದೆ. ಆರು ತಿಂಗಳು, ದಿನವೂ ಅದೇ ಪ್ರಶ್ನೆ, ಅದೇ ಸುಳ್ಳು.

ಈಗ ಎಕ್ಸ್‌ರೇ ತಿಳಿಯಾಗಿದೆ. ಅಮ್ಮನಿಗೆ ಊಟ ಸೇರುತ್ತಿದೆ. ನಿನ್ನೆ ನಾನು ಅವಳ ತಲೆ ಬಾಚುತ್ತಿದ್ದಾಗ ತಟ್ಟನೆ ಕೇಳಿದಳು: "ನಿಮ್ಮಪ್ಪನ ದನಿ ಹೇಗಿತ್ತೇ? ಎಷ್ಟು ನೆನೆಸ್ಕೊಂಡ್ರೂ ಬರ್ತಿಲ್ಲ."

ಹೇಳಲೆಂದು ಬಾಯಿ ತೆರೆದೆ. ನನಗೂ ಬರಲಿಲ್ಲ.

ಹೊರಟವರಿಗೆ "ಹೋಗಿ ಬಾ" ಅನ್ನಬೇಕು. ನಿನಗೆ "ಹೋಗು" ಎಂದಷ್ಟೇ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡ. ಎಲ್ಲಿದ್ದರೂ ನಿನ್ನ ಎದೆ ಹಗುರಾಗಿರಲಿ.

ನಿನ್ನ ಮಗಳು