ಭಟ್ಟರಿಗೆ ಕೊಟ್ಟ ಗಿಟಾರ್

ಚಿರಂಜೀವಿ ಶ್ರೀಧರನಿಗೆ,

ಚಿರಂಜೀವಿ ಎಂಬ ಪದವನ್ನು ಬರೆದ ಮೇಲೆ ಲೇಖನಿ ಕೆಲಕಾಲ ಮುಂದೆ ಸಾಗಲಿಲ್ಲ. ಎಪ್ಪತ್ತೇಳರ ಅಣ್ಣನನ್ನು ಹಿಂದೆ ಬಿಟ್ಟು ಅರವತ್ತೆಂಟಕ್ಕೇ ಹೊರಟುಹೋದವನಿಗೆ ಆ ಪದ ಸಲ್ಲದು. ಆದರೂ ಹೊಡೆದುಹಾಕಲಿಲ್ಲ. ಮದುವೆಯಾಗದೆಯೇ ಉಳಿದು, ಕಿರಿಯನಿಗೆ ಹಿರಿಯನು ಎಳ್ಳುನೀರು ಬಿಡುವಂತೆ ಮಾಡಿದವನು ಇಷ್ಟು ಅಣಕವನ್ನಾದರೂ ಸಹಿಸಲಿ ಎಂದುಕೊಂಡೆ. ಇದು ಕುಶಲ ವಿಚಾರಿಸುವ ಪತ್ರವಲ್ಲ. ನನಗೆ ನಿನ್ನ ಮೇಲೆ ಕೋಪವಿದೆ. ಅದನ್ನು ನಿನಗಲ್ಲದೆ ಇನ್ನಾರಿಗೆ ಹೇಳಲಿ?

ಹನ್ನೆರಡನೆಯ ದಿನದ ಬೆಳಿಗ್ಗೆ ನಮ್ಮ ಆಲ್ಕೊಳದ ಮನೆಯ ನಡುಮನೆಯಲ್ಲಿ ದಾನದ ವಸ್ತುಗಳನ್ನು ಇರಿಸಿದ್ದೆ: ಹಾಸಿಗೆ, ಛತ್ರಿ, ಪಾದರಕ್ಷೆ, ನೀರಿನ ತಂಬಿಗೆ. ಅಗಲಿದವನಿಗೆ ಅತ್ಯಂತ ಪ್ರಿಯವಾಗಿದ್ದುದನ್ನು ಕೊಟ್ಟರೆ ಅದು ಅವನ ದಾರಿಗೆ ಒದಗುವುದೆಂದು ಹಿರಿಯರು ಹೇಳುತ್ತಾರೆ. ನಿನಗೆ ಪ್ರಿಯವಾದುದು ಯಾವುದೆಂದು ಯೋಚಿಸಬೇಕಾಗಿಯೇ ಇರಲಿಲ್ಲ. ಮಹಡಿಗೆ ಹೋಗಿ, ನಿನ್ನ ಮಂಚದಡಿಯಲ್ಲಿ ಹಳೆಯ ಶಾಲು ಹೊದೆದು ಮಲಗಿದ್ದ ಎಲೆಕ್ಟ್ರಿಕ್ ಗಿಟಾರನ್ನು ತಂದೆ. ಎಂಟು ವರ್ಷದ ಹಿಂದೆ ನೀನು ನಿವೃತ್ತನಾಗಿ ಭದ್ರಾವತಿಯ ಕ್ವಾರ್ಟರ್ಸ್ ಬಿಟ್ಟು ಬಂದ ದಿನವೇ, "ಕರೆಂಟು ಕೊಟ್ಟು ಕೂಗಿಸೋ ವಾದ್ಯ ದೇವರಮನೆ ನೆತ್ತಿ ಮೇಲೆ ಬೇಡ" ಎಂದು ಹೇಳಿಬಿಟ್ಟಿದ್ದೆ. ನೀನು ಮರುಮಾತಾಡಲಿಲ್ಲ. ಶನಿವಾರ ಬಂತೆಂದರೆ ಅದನ್ನು ಹೆಗಲಿಗೇರಿಸಿ ಭದ್ರಾವತಿಯ ಬಸ್ಸು ಹತ್ತುತ್ತಿದ್ದೆ, ಅಷ್ಟೆ. ಬದುಕಿದ್ದಾಗ ಕೊಡದ ಮನ್ನಣೆಯನ್ನು ಈಗಲಾದರೂ ಕೊಡೋಣವೆಂದು ತುಳಸಿ, ನೀರು ಬಿಟ್ಟು, ಇದು ನನ್ನದಲ್ಲವೆಂದು ಉಚ್ಚರಿಸಿ ಅದನ್ನು ಪುರೋಹಿತರ ಕೈಗಿತ್ತೆ.

ವೆಂಕಟಾಚಲ ಭಟ್ಟರು ಬೆಚ್ಚಿಬಿದ್ದರು. "ಶಾಸ್ತ್ರಿಗಳೇ, ಇದನ್ನೂ ಕೊಡ್ತೀರಾ?" ಎಂದರು. "ಇದನ್ನೇ ಮುಖ್ಯವಾಗಿ ಕೊಡ್ತಿರೋದು" ಎಂದೆ. ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಗಿಟಾರು ಹಿಡಿದು ಅವರು ಆಟೋ ಹತ್ತಿದಾಗ ನಿನ್ನ ಅತ್ತಿಗೆ ಕಣ್ಣೊರೆಸಿಕೊಳ್ಳುತ್ತಲೇ, "ನೋಡಿದ್ರೆ ಯಾವುದೋ ಮದುವೆಮನೆ ಆರ್ಕೆಸ್ಟ್ರಾಕ್ಕೆ ಹೊರಟ ಹಾಗಿದೆ" ಎಂದಳು. ನಾನು ಗದರಿದೆ. ಅಂದು ನನಗೆ ಒಳಗೊಳಗೇ ಒಂದು ತೃಪ್ತಿಯಿತ್ತು. ತಮ್ಮನಿಗೆ ನ್ಯಾಯ ಮಾಡಿದೆನೆಂಬ ತೃಪ್ತಿ. ಅದು ನಾಲ್ಕು ದಿನ ಬಾಳಿತು.

ಐದನೆಯ ದಿನ ಅಂತೋಣಿ ಬಂದ. ನಿನ್ನ ಶನಿವಾರಗಳ ಅಂತೋಣಿ. ಕಬ್ಬಿಣದ ಕಾರ್ಖಾನೆಯಲ್ಲಿ ನೀನು ಎಲೆಕ್ಟ್ರಿಕಲ್ ವಿಭಾಗದಲ್ಲಿದ್ದಾಗ ಪ್ಯಾಟರ್ನ್ ಶಾಪಿನಲ್ಲಿ ಎರಕದ ಅಚ್ಚುಗಳಿಗೆ ಮರ ಕೆತ್ತುತ್ತಿದ್ದವನು. ದಹನದ ದಿನ ಗೇಟಿನ ಹೊರಗೇ ನಿಂತಿದ್ದ. ಈ ಸಲವೂ ಅಲ್ಲಿಯೇ ನಿಂತು ಕೇಳಿದ.

"ಸ್ವಾಮಿ, ಗಿಟಾರ್ ತಗೊಂಡ್ಹೋಗೋಣ ಅಂತ ಬಂದೆ."

"ಅದನ್ನ ದಾನ ಕೊಟ್ಟಾಯ್ತು."

"ದಾನನಾ? ಯಾರಿಗೆ?"

"ನಮ್ಮ ಪುರೋಹಿತರಿಗೆ."

"ಅವರು ಬಾರಿಸ್ತಾರಾ?"

ಅವನ ದನಿ ಏರಿತು. "ಛತ್ರಿ ಕೊಟ್ರೆ ಮಳೇಲಿ ಹಿಡ್ಕೊಂಡ್ಹೋಗ್ತಾರೆ. ಇದನ್ನ ಹಿಡ್ಕೊಂಡು ಏನ್ ಮಾಡ್ತಾರೆ ಸ್ವಾಮಿ? ಅದು ಶ್ರೀಧರಂದು ಅಂತ ನಿಮಗ್ಯಾರು ಹೇಳಿದ್ದು? ಮರ ನಂದು. ಹಲಸಿನ ದಿಮ್ಮಿ ತಂದು ಮೂರು ತಿಂಗಳು ಕೆತ್ತಿದೀನಿ. ಒಳಗಿನ ಕರೆಂಟಿಂದೆಲ್ಲ ಅವಂದು. ಅರ್ಧ ಅವಂದು, ಅರ್ಧ ನಂದು. ನನ್ನ ಅರ್ಧ ಯಾರನ್ನ ಕೇಳಿ ಕೊಟ್ರಿ?"

ಮೂವತ್ತು ವರ್ಷ ಸಂಸ್ಕೃತ ಪಾಠ ಹೇಳಿದವನನ್ನು, ಧರ್ಮಶಾಸ್ತ್ರದ ಸಂದೇಹಗಳಿಗೆ ಊರವರು ಮನೆಗೆ ಬಂದು ಕೇಳುವವನನ್ನು, ಒಬ್ಬ ಬಡಗಿ ಗೇಟಿನಾಚೆ ನಿಂತು ಕೇಳಿದ ಪ್ರಶ್ನೆ ಇದು. ಉತ್ತರ ನನಗೆ ಗೊತ್ತಿತ್ತು. ಇಬ್ಬರಿಗೆ ಸೇರಿದ ಸ್ವತ್ತನ್ನು ಒಬ್ಬನದೆಂದು ಕೊಡಬಾರದು. ಅದು ಅದೇಯ, ಎಂದರೆ ಕೊಡಲು ಬಾರದ ವಸ್ತು. ಕೊಟ್ಟರೂ ದಾನವಾಗದು, ಕೊಟ್ಟವನಿಗೆ ದೋಷ ತಪ್ಪದು. ಎಷ್ಟು ಜನರಿಗೆ ನಾನೇ ಇದನ್ನು ಬಿಡಿಸಿ ಹೇಳಿಲ್ಲ? ಒಂದು ಮಾತು, ಶ್ರೀಧರ. "ಅಣ್ಣ, ಇದು ನನ್ನೊಬ್ಬನದಲ್ಲ" ಎಂಬ ಒಂದೇ ಮಾತು ನಿನ್ನ ಬಾಯಿಂದ ಬಂದಿದ್ದರೆ... ಎಂಟು ವರ್ಷ ಒಂದೇ ಸೂರಿನಡಿ ಉಂಡೆವಲ್ಲ! ಆ ವಾದ್ಯದ ಮಾತೆತ್ತಿದರೆ ನಾನು ಮುಖ ತಿರುಗಿಸುತ್ತಿದ್ದೆನೆಂದು ನೀನು ವಾದಿಸುವೆ. ತಿರುಗಿಸುತ್ತಿದ್ದೆ, ನಿಜ. ಬೆನ್ನಿಗಾದರೂ ಹೇಳಬಹುದಿತ್ತು.

ಅಂತೋಣಿಯನ್ನು ಕರೆದುಕೊಂಡು ಭಟ್ಟರ ಮನೆಗೆ ಹೋದೆ. ಅವರು ಕೈಚೆಲ್ಲಿದರು. "ನಾನು ಅದನ್ನ ಎಲ್ಲಿ ಇಡ್ಲಿ ಮಾರಾಯ್ರೇ? ಗೋಡೆಗೆ ಒರಗಿಸಿದ್ರೆ ಮೊಮ್ಮಗು ತಂತಿ ಎಳೆಯುತ್ತೆ, ಅಟ್ಟಕ್ಕೆ ಹಾಕಿದ್ರೆ ಇಲಿ. ದುರ್ಗಿಗುಡಿಯ ವಾದ್ಯದ ಅಂಗಡೀಲಿ ಕೊಟ್ಟುಬಿಟ್ಟೆ." ಅವರ ಮೇಲೆ ಕೋಪಗೊಳ್ಳಲು ನನಗೆ ಅಧಿಕಾರವಿರಲಿಲ್ಲ. ಆ ಕೋಪವನ್ನೂ ನಿನ್ನ ಪಾಲಿಗೇ ಸೇರಿಸಿದೆ.

ದುರ್ಗಿಗುಡಿಗೆ ಆಟೋದಲ್ಲಿ ಹೋಗುವಾಗ ಅಂತೋಣಿ ಇನ್ನೊಂದು ಸಂಗತಿ ಹೇಳಿದ. ಪಿಕಪ್ ಎಂಬುದೊಂದಿದೆಯಂತೆ, ತಂತಿಯ ಕಂಪನವನ್ನು ಹಿಡಿದು ವಿದ್ಯುತ್ತಾಗಿಸುವ ಸುರುಳಿ. ಅಯಸ್ಕಾಂತದ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯನ್ನು ಎಂಟು ಸಾವಿರದಷ್ಟು ಸಲ ಕೈಯಿಂದ ಸುತ್ತಬೇಕಂತೆ. ನಡುವೆ ಯಾರಾದರೂ ಮಾತಾಡಿಸಿದರೆ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ. ನಾದ ಒಪ್ಪದೆ, ಇಲ್ಲಿಗೆ ಬಂದ ಮೇಲೂ ನೀನು ಹಳೆಯದನ್ನು ತೆಗೆದು ಹೊಸದು ಸುತ್ತುತ್ತಿದ್ದೆಯಂತೆ. ಮಧ್ಯಾಹ್ನದ ಹೊತ್ತು ಮಹಡಿಯಲ್ಲಿ ನೀನು ಗೋಡೆಗೆ ಮುಖ ಮಾಡಿ, ತುಟಿಯಲ್ಲೇ ಏನನ್ನೋ ಎಣಿಸುತ್ತ ಕೂತಿರುತ್ತಿದ್ದೆಯಲ್ಲ? ಕರೆದರೆ ಕೈಯೆತ್ತಿ ತಡೆಯುತ್ತಿದ್ದೆಯಲ್ಲ? ನಾನು ಅದನ್ನು ಗಾಯತ್ರೀಜಪವೆಂದು ನಂಬಿದ್ದೆನಯ್ಯ! ಬಂದವರಿಗೆಲ್ಲ "ಮೆತ್ತಗೆ ಮಾತಾಡಿ, ತಮ್ಮ ಜಪಕ್ಕೆ ಕೂತಿದಾನೆ" ಎಂದು ಹೆಮ್ಮೆಯಿಂದ ಹೇಳುತ್ತಿದ್ದೆ. ಒಮ್ಮೆ ನಿನ್ನೆದುರಿಗೇ ಹೇಳಿದೆ. ನೀನು ತಲೆಯಾಡಿಸಿದೆ. ಆ ತಲೆಯಾಡಿಸಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದೆ, ಕೋಪ ಮತ್ತೆ ಮತ್ತೆ ಉಕ್ಕುತ್ತದೆ.

ಹಿಂದೊಮ್ಮೆ ನನ್ನ ಪಿಂಚಣಿಯ ಕಾಗದಕ್ಕೆಂದು ಬೆಂಗಳೂರಿಗೆ ಹೋಗಿದ್ದಾಗ ನೀನು ನನ್ನನ್ನು ವಾದ್ಯದಂಗಡಿಯೊಂದಕ್ಕೆ ಎಳೆದೊಯ್ದೆ. ಒಂದು ಗಿಟಾರ್ ತೆಗೆದುಕೊಳ್ಳುವೆನೆಂದೆ. ಮಧ್ಯಾಹ್ನವಿಡೀ ಗೋಡೆಯಿಂದ ಒಂದೊಂದನ್ನೇ ಇಳಿಸಿ ಮೀಟಿದೆ. ಒಂದು ತೆಳು ಎಂದೆ, ಒಂದು ಮಂಕು, ಒಂದು ಗಾಜಿನ ಹಾಗೆ ಚುಚ್ಚುತ್ತದೆ ಎಂದೆ. ಕಡೆಗೆ ಒಂದು ಕಟ್ಟು ತಂತಿ ಮಾತ್ರ ಕೊಂಡು ಹೊರಬಂದಾಗ ಅಂಗಡಿಯವನ ಮುಖ ನೋಡಲಾಗಲಿಲ್ಲ. "ಏನನ್ನ ಹುಡುಕ್ತಿದೀಯೋ?" ಎಂದು ನಾನು ಗದರಿದರೆ, "ಟೋನ್ ಅಣ್ಣ. ಉದಾತ್ತ, ಅನುದಾತ್ತ ಸ್ವಲ್ಪ ಜಾರಿದ್ರೆ ನೀನು ಹುಡುಗರ ಕಿವಿ ಹಿಂಡ್ತಿದ್ದೆಯಲ್ಲ, ಹಾಗೇ ಇದು" ಎಂದೆ. ವೇದಸ್ವರವನ್ನು ಅಂಗಡಿಯ ವಾದ್ಯಕ್ಕೆ ಹೋಲಿಸಿದನೆಂದು ತರೀಕೆರೆ ದಾಟುವವರೆಗೂ ನಾನು ನಿನ್ನೊಡನೆ ಮಾತಾಡಲಿಲ್ಲ. ಕೊಳ್ಳಲು ಸಿಗಲಿಲ್ಲವೆಂದೇ ಈ ಗಿಟಾರನ್ನು ನೀವಿಬ್ಬರೂ ಕೂಡಿ ಮಾಡಿದಿರಂತೆ. ಅದನ್ನೂ ಅಂತೋಣಿಯಿಂದಲೇ ತಿಳಿಯಬೇಕಾಯಿತು.

ಅಂಗಡಿಗೆ ಕಾಲಿಟ್ಟಾಗ ನಿನ್ನ ಗಿಟಾರ್ ಒಬ್ಬ ಯುವಕನ ತೊಡೆಯ ಮೇಲಿತ್ತು. ಮೂವತ್ತರ ಪ್ರಾಯ, ಪ್ರಜ್ವಲ್ ಎಂದು ಹೆಸರು, ಗಿಟಾರು ಹುಡುಕಿ ಅಂಗಡಿ ಅಲೆಯುವ ನಿನ್ನ ಜಾತಿಯವನೇ. ಅದನ್ನು ಅವನಿಗೇ ಮಾರುವೆನೆಂದು ಅಂಗಡಿಯವನು ಮಾತು ಕೊಟ್ಟಾಗಿತ್ತು. ಅಂಗಡಿಯ ಮಂಜುನಾಥ ನನ್ನ ಹಳೆಯ ವಿದ್ಯಾರ್ಥಿ, "ಮೇಷ್ಟ್ರು ಇಲ್ಲಿಗೆ?" ಎಂದು ಎದ್ದು ನಿಂತ. ಪ್ರಜ್ವಲ್ ತನ್ನ ಲೋಕದಲ್ಲಿದ್ದ. "ಬಾಡಿ ಬೆಂಕಿ ಇದೆ ಮಂಜಣ್ಣ, ಹಲಸು ಅನ್ಸುತ್ತೆ. ಪಿಕಪ್ ಮಾತ್ರ ಯಾರೋ ಲೋಕಲ್ ಸುತ್ತಿದಾರೆ. ಕಿತ್ತು ಬಿಸಾಕಿ, ಒಳ್ಳೇದು ತರಿಸಿ ಹಾಕಿ."

ಬಿಸಾಕಿ! ಆ ಎಂಟು ಸಾವಿರ ಸುತ್ತುಗಳನ್ನು. ಒಂದು ತಾಸಿಗೆ ಮೊದಲು ಪಿಕಪ್ ಎಂದರೇನೆಂದೇ ಅರಿಯದಿದ್ದ ನನಗೆ ಮೈ ಉರಿದುಹೋಯಿತು. ಅಂತೋಣಿ ಮುಂದೆ ಬಂದು, "ಏನ್ ತಂಬಿ, ಪ್ಲಗ್ ಹಾಕಿ ಕೇಳಿದೀಯಾ? ಕಣ್ಣಲ್ಲೇ ಟೋನ್ ನೋಡ್ತೀಯಾ?" ಎಂದ. ಯುವಕ ಹುಬ್ಬೇರಿಸಿ, ವೈರು ಸಿಕ್ಕಿಸಿ, ಒಮ್ಮೆ ಮೀಟಿದ. ನನಗೆ ಕೋಪದಿಂದ ಕಿವಿ ಕಟ್ಟಿತ್ತು. ಸದ್ದು ಹೇಗಿತ್ತೆಂದು ಹೇಳಲಾರೆ. ಅವನ ಮುಖವನ್ನು ಮಾತ್ರ ಕಂಡೆ. ಬಿಮ್ಮನೆ ಬಿಗಿದಿದ್ದ ಮುಖ ಸಡಿಲಿತು. ಮತ್ತೆ ಮೀಟಿದ. ಮೂರನೆಯ ಸಲ ಮೀಟಿ, ಗಿಟಾರನ್ನು ಎದೆಗೆ ಅವಚಿಕೊಂಡು, "ಏನೂ ಬದಲಾಯಿಸೋದು ಬೇಡ ಮಂಜಣ್ಣ. ಹೀಗೇ ತಗೋತೀನಿ" ಎಂದ.

"ಕೊಡಕಾಗಲ್ಲ. ಅದು ನಂದು" ಎಂದ ಅಂತೋಣಿ.

"ಅಂಗಡೀಲಿ ನೇತು ಹಾಕಿದ್ದು ನಿಮ್ದು ಹೇಗಾಗುತ್ತೆ ಅಂಕಲ್? ಬಿಲ್ ಇದೆಯಾ?"

"ಮರ ಕೆತ್ತಿದ ಕೈಗೆ ಬಿಲ್ ಯಾರಪ್ಪ ಕೊಡ್ತಾರೆ?"

ಆಗ ನಾನು ಬಾಯಿ ತೆರೆದೆ. ಜೀವಮಾನದಲ್ಲಿ ಬಜಾರಿನಲ್ಲಿ ನಿಂತು ದನಿಯೆತ್ತಿದವನಲ್ಲ. "ಮಂಜುನಾಥ, ಇದನ್ನ ದಾನ ಕೊಟ್ಟವನು ನಾನು. ನಂದಲ್ಲದ್ದನ್ನ ಕೊಟ್ಟೆ. ಬೇರೆಯವರ ಸ್ವತ್ತನ್ನ ಕೇಳದೆ ಎತ್ತಿಕೊಟ್ಟವನಿಗೆ ಏನಂತಾರೆ? ಕಳ್ಳ ಅಂತಾರೆ. ನಿನ್ನ ಮೇಷ್ಟ್ರು ಕಳ್ಳ ಅಂತ ಬರೆದುಕೊಡ್ತೀನಿ, ಕಾಗದ ಕೊಡು" ಎಂದೆ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. "ಛೇ ಛೇ, ಬಿಡ್ತು ಅನ್ನಿ ಮೇಷ್ಟ್ರೇ" ಎಂದು ಅವನು ಕಿವಿ ಮುಟ್ಟಿಕೊಂಡ. ನೋಡು ಶ್ರೀಧರ, ಎಂಥ ಪದವನ್ನು ನನ್ನ ಬಾಯಿಂದ ಆಡಿಸಿದೆ ನೀನು!

ಅಂತೋಣಿ ಯುವಕನ ಕಡೆ ತಿರುಗಿ ನಿಧಾನವಾಗಿ ಹೇಳಿದ. "ಕಾರ್ಖಾನೇಲಿ ನಮ್ಮ ಸಾಮಾನು ಕಳೆದುಹೋಗ್ದೇ ಇರ್ಲಿ ಅಂತ ಅವರವರ ಹಾಜರಿ ಟೋಕನ್ ನಂಬರ್ ಪಂಚ್ ಮಾಡ್ತಿದ್ವಿ. ಹಿಂದ್ಗಡೆ ಕುತ್ತಿಗೆ ಸೇರೋ ಜಾಗದಲ್ಲಿ ನಾಲ್ಕು ಸ್ಕ್ರೂ ಹಾಕಿರೋ ಉಕ್ಕಿನ ಪ್ಲೇಟ್ ಇದೆ. ಬಿಚ್ಚಿ ಒಳಮೈ ನೋಡು. 2417 ಅವಂದು, 3096 ನಂದು." ಪ್ರಜ್ವಲ್ ತನ್ನ ಚೀಲದಿಂದಲೇ ತಿರುಪುಳಿ ತೆಗೆದ. ಮೊದಲು ತಂತಿಗಳನ್ನು ಸಡಿಲಿಸಿ, ಮಗುವಿನ ಅಂಗಿ ಬಿಚ್ಚುವಷ್ಟು ಜೋಪಾನದಿಂದ ಒಂದೊಂದೇ ಸ್ಕ್ರೂ ತೆಗೆದು, ತಗಡನ್ನು ಬೆಳಕಿಗೆ ಹಿಡಿದ. ಎರಡು ಅಂಕಿಗಳೂ ಅಲ್ಲಿದ್ದವು, ಒಂದರ ಪಕ್ಕ ಒಂದು, ಒಂದೇ ಗಾತ್ರದಲ್ಲಿ. ಅವನು ಅವುಗಳ ಮೇಲೆ ಬೆರಳಾಡಿಸಿದ. ಅದೇ ಜೋಪಾನದಿಂದ ತಗಡನ್ನು ಮತ್ತೆ ಕೂರಿಸಿ, ಗಿಟಾರನ್ನು ಅಂತೋಣಿಯ ಕೈಗಿಟ್ಟು, "ಇಂಥದ್ದು ಇನ್ನೊಂದು ಮಾಡ್ಕೊಡ್ತೀರಾ ಅಂಕಲ್?" ಎಂದು ಕೇಳಿದ. "ಮರ ಮಾಡ್ಕೊಡ್ತೀನಪ್ಪ. ಸುತ್ತೋನು ಹೋಗ್ಬಿಟ್ನಲ್ಲ" ಎಂದ ಅಂತೋಣಿ. ಅಂಗಡಿಗೆ ಆದ ನಷ್ಟವನ್ನು ನಾನು ಭರಿಸಿದೆ. ಅದನ್ನು ಮರಳಿ ಕೊಂಡದ್ದೆಂದು ತಿಳಿಯಬೇಡ, ದಂಡವೆಂದು ತಿಳಿ.

ಮನೆಗೆ ಬಂದ ಮೇಲೆ ಇನ್ನೊಂದು ಚಿಂತೆ ಹಿಡಿಯಿತು. ಆ ದಾನ ಅಸಿಂಧುವಾಯಿತು, ಸರಿ. ನಿನಗೆ ಪ್ರಿಯವಾದುದನ್ನು ಕೊಡುವ ಕೆಲಸ ಉಳಿದೇ ಹೋಯಿತಲ್ಲ? ನಿನ್ನೊಬ್ಬನದೇ ಆದ ವಸ್ತುವನ್ನು ಹುಡುಕಿ ನಿನ್ನ ಪೆಟ್ಟಿಗೆಯನ್ನು ಬರಿದು ಮಾಡಿದೆ. ಇಕ್ಕುಳ ತೆಗೆದೆ, ಎರಡು ಅಂಕಿ. ಬೆಸುಗೆಯ ಸೋಲ್ಡರಿಂಗ್ ಐರನ್ ತೆಗೆದೆ, ಎರಡು ಅಂಕಿ. ತಿರುಪುಳಿಯ ಮೇಲೂ ಎರಡು! ಅಯ್ಯಾ, ಈ ಪ್ರಪಂಚದಲ್ಲಿ ಒಂದು ಮೊಳೆಯನ್ನಾದರೂ ಒಬ್ಬನೇ ಇಟ್ಟುಕೊಳ್ಳಲಿಲ್ಲವೇ ನೀನು? ಒಡಹುಟ್ಟಿದವನು ಇಲ್ಲಿದ್ದೆ. ನನ್ನೊಡನೆ ಹಂಚಿಕೊಂಡದ್ದು ಏನು? ಊಟ, ಪಂಚಾಂಗ, ಹವೆಯ ಮಾತು...

ಎರಡನೆಯ ಮಾಸಿಕದ ದಿನ ಅಂತೋಣಿಯನ್ನು ಕರೆಸಿದೆ. ಸಹಸ್ವಾಮಿ, ಎಂದರೆ ಜೊತೆಯ ಒಡೆಯ, ಒಪ್ಪಿದರೆ ಇಬ್ಬರ ವಸ್ತುವನ್ನೂ ಕೊಡಬಹುದು. ಗೇಟಿನಲ್ಲೇ ನಿಲ್ಲಹೊರಟವನನ್ನು ನಾನೇ ಹೋಗಿ ಕೈಹಿಡಿದು ನಡುಮನೆಗೆ ಕರೆತಂದು ಕೂರಿಸಿದೆ. ಕೊಡಬೇಕಾದದ್ದು ಆ ಸೋಲ್ಡರಿಂಗ್ ಐರನ್. "ಮತ್ತೆ ಕರೆಂಟಿನ ಸಾಮಾನೇ?" ಎಂದು ಭಟ್ಟರು ನಕ್ಕು, "ಇರ್ಲಿ, ಪಾಲಿಟೆಕ್ನಿಕ್ ಓದೋ ನಮ್ಮ ಕಿರಿ ಮಗಳಿಗೆ ಆಗುತ್ತೆ" ಎಂದರು. "ನನ್ನ ಅರ್ಧ ಬಿಟ್ಟುಕೊಟ್ಟೆ ಸ್ವಾಮಿ" ಎಂದು ಅಂತೋಣಿ ಕೈಮುಗಿದ. ಅವನ ಅನುಮತಿಯಿಂದ ಎಂಬರ್ಥದಲ್ಲಿ "ಸಹಸ್ವಾಮಿನಃ ಅಂತೋಣಿನಾಮ್ನಃ ಅನುಮತ್ಯಾ" ಎಂದು ಸಂಕಲ್ಪದಲ್ಲಿ ಸೇರಿಸಿದೆ. ಭಟ್ಟರಿಗೆ ಅಭ್ಯಾಸಬಲ, ಹೆಸರು ಕೇಳಿದೊಡನೆ, "ಗೋತ್ರ?" ಎಂದುಬಿಟ್ಟರು.

ಅಂತೋಣಿ ನೆಟ್ಟಗೆ ಕೂತು, "ಪ್ಯಾಟರ್ನ್ ಶಾಪ್, ಸಾರ್" ಎಂದ.

ಭಟ್ಟರು ನನ್ನ ಮುಖ ನೋಡಿದರು. "ಹಾಗೇ ಹೇಳಿ" ಎಂದೆ. ಅವರು ಹಾಗೆಯೇ ಹೇಳಿದರು, ನಾನು ನೀರು ಬಿಟ್ಟೆ. ನೀನಿದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ನನಗೂ ನಗು ಬಂದಿತ್ತು. ಕರ್ಮದ ನಡುವೆ ನಗಬಾರದೆಂದು ತುಟಿ ಕಚ್ಚಿದೆ. ಆಮೇಲೆ ಬಂದದ್ದು ನಗುವಾಗಿರಲಿಲ್ಲ.

ಮುಂದಿನ ಶನಿವಾರ ಅಂತೋಣಿ ಗಿಟಾರ್ ತೆಗೆದುಕೊಂಡು ಇಲ್ಲಿಗೇ ಬರುತ್ತಾನೆ. ದೇವರಮನೆಯ ಪಕ್ಕದ ಪ್ಲಗ್ಗು ಸಡಿಲವಾಗಿತ್ತು, ಬದಲಾಯಿಸಿದ್ದೇನೆ. ಮೆಚ್ಚುವೆನೆಂದು ಆಸೆಪಡಬೇಡ. ಹಿಡಿಸದಿದ್ದರೆ ಹಿಡಿಸಲಿಲ್ಲವೆಂದೇ ಅವನ ಮುಖದ ಮುಂದೆ ಹೇಳುತ್ತೇನೆ. ಎಂಟು ವರ್ಷ ಕೇಳದೆಯೇ ಹೇಳಿದೆ. ಇನ್ನು ಕೇಳಿ ಹೇಳುತ್ತೇನೆ.

ಕೋಪ ಇಳಿಯದ
ನಿನ್ನ ಅಣ್ಣ