ಗಮನಕ್ಕೆ ಬಂದಿಲ್ಲ

ಭಾನುವಾರ, ಹದಿನಾಲ್ಕನೇ ತಾರೀಖು
ಮಧ್ಯಾಹ್ನ

ಪುಟ್ಟಿ,

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಎಂದು ಮೊದಲ ಸಾಲು ಬರೆದೆ. ಅದನ್ನು ಹೊಡೆದುಹಾಕಿ ಬೇರೆ ಹಾಳೆ ತೆಗೆದುಕೊಂಡಿದ್ದೇನೆ. ಅಮ್ಮ ಚೆನ್ನಾಗಿದ್ದಾಳೆ, ಊಟ ಮಾಡಿ ಒಳಗೆ ಮಲಗಿದ್ದಾಳೆ. ನನ್ನ ವಿಷಯ ಮುಂದೆ ಬರುತ್ತದೆ.

ನಿನಗೆ ಕೊಟ್ಟ ನೋಟಿಸಿನ ಒಂದು ಪ್ರತಿ ಮೊನ್ನೆ ಗುರುವಾರ ಆರೋಗ್ಯ ಇಲಾಖೆಯ ಸಚಿವಾಲಯದಲ್ಲಿ ನನ್ನ ಮೇಜಿಗೂ ಬಂತು. ಡಯಾಲಿಸಿಸ್ ಘಟಕದ ಹಿರಿಯ ನರ್ಸ್ ಆದ ನೀನು, ಯಂತ್ರಗಳು ನಿಂತುಹೋದದ್ದನ್ನು ಎಂಟು ತಿಂಗಳು ಯಾರಿಗೂ ತಿಳಿಸದೆ ಒಬ್ಬ ರೋಗಿಯ ಸಾವಿಗೆ ಕಾರಣಳಾಗಿದ್ದೀಯ ಎಂದು ಅದರಲ್ಲಿದೆ. ಆಧಾರ ಏನೆಂದರೆ ಸದನದಲ್ಲಿ ಮಂತ್ರಿಗಳು ಕೊಟ್ಟ ಉತ್ತರ: ‘ಸರ್ಕಾರದ ಗಮನಕ್ಕೆ ಬಂದಿರುವುದಿಲ್ಲ.’ ಆ ವಾಕ್ಯ ಬರೆದವಳು ನಾನು. ಮಂತ್ರಿಗಳು ಓದಿದರು, ಅಷ್ಟೇ.

ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ, ಮುಂದಕ್ಕೆ ಹಾಕಿದರೆ ಧೈರ್ಯ ಹೋಗುತ್ತದೆ. ನಿನ್ನ ಪತ್ರ ನನಗೆ ತಲುಪಿತ್ತು.

ನೀನು ಮೊದಲು ಫೋನ್ ಮಾಡಿದ ದಿನ ನೆನಪಿದೆಯಲ್ಲ. ನೀರು ಶುದ್ಧ ಮಾಡುವ ಘಟಕ ಅರ್ಧ ಕೆಟ್ಟಿದೆ, ಮೂರು ಯಂತ್ರಗಳಲ್ಲಿ ಒಂದಕ್ಕೆ ಸಾಕಾಗುವಷ್ಟೇ ನೀರು ಬರುತ್ತಿದೆ, ಹತ್ತೊಂಬತ್ತು ರೋಗಿಗಳಲ್ಲಿ ಹನ್ನೊಂದು ಜನ ನಾಲ್ಕು ಗಂಟೆ ಬಸ್ಸಿನಲ್ಲಿ ಕೂತು ಬೇರೆ ಊರಿಗೆ ಹೋಗಿಬರುತ್ತಿದ್ದಾರೆ ಎಂದೆ. ನಿಮ್ಮ ದೊಡ್ಡ ಡಾಕ್ಟರಿಗೆ ಹೇಳಿ ಹೇಳಿ ಸಾಕಾಗಿತ್ತು ನಿನಗೆ. “ಮೇಲಕ್ಕೆ ಬರೆದ್ರೆ ನಮ್ಮ ಆಸ್ಪತ್ರೆ ಮಾನ ಹೋಗುತ್ತಮ್ಮ, ಸ್ವಲ್ಪ ಸುಧಾರಿಸ್ಕೋ” ಅಂತಿದ್ದರಂತೆ. ಈಗ ಅದೇ ಮನುಷ್ಯ ನಿನ್ನ ಬಾಯಿಂದ ಏನೂ ಕೇಳಿಲ್ಲ ಎಂದು ಬರೆದುಕೊಟ್ಟಿದ್ದಾರೆ. ಅವರ ಹೇಳಿಕೆಯನ್ನೂ ಓದಿದೆ. ಅಕ್ಷರ ದುಂಡಾಗಿದೆ.

ಅವತ್ತು ನಾನು ದೊಡ್ಡ ತಿಳಿದವಳ ಹಾಗೆ, “ಬಾಯಲ್ಲಿ ಹೇಳಿದ್ದು ನಮ್ಮಲ್ಲಿ ಲೆಕ್ಕಕ್ಕಿಲ್ಲ ಕಣೇ. ಕಾಗದದಲ್ಲಿ ಬರೆದು, ಸಹಿ ಹಾಕಿ, ಮೊಹರು ಒತ್ತಿ ಕಳಿಸು. ಮಿಕ್ಕಿದ್ದು ನಾನು ನೋಡ್ಕೋತೀನಿ” ಎಂದೆ. ನೀನು ನಂಬಿದೆ. ಎರಡು ಪುಟ, ನೀಲಿ ಶಾಯಿ, ಮೂಲೆಯಲ್ಲಿ ಘಟಕದ ಮೊಹರು. ಕೊನೆಗೆ, ‘ಪ್ರತಿ ಇಟ್ಟುಕೊಂಡಿಲ್ಲ ಅಕ್ಕ, ನಿನ್ನ ಹತ್ತಿರ ಇರುತ್ತದಲ್ಲ’ ಎಂದು ಬರೆದಿದ್ದೆ.

ಅದು ಬಂದದ್ದು ಒಂದು ಮಂಗಳವಾರ. ಅದೇ ಬೆಳಿಗ್ಗೆ ವಿಧಾನಸಭೆಯಿಂದ ಪ್ರಶ್ನೆಯೂ ಬಂತು.

ನಮ್ಮ ಕೆಲಸ ನಿನಗೆ ಯಾವತ್ತೂ ವಿವರಿಸಿಲ್ಲ. ಸದನದಲ್ಲಿ ಮಂತ್ರಿ ಶಾಸಕರಿಗೆ ಉತ್ತರ ಕೊಡುತ್ತಾರೆ ಎಂದು ಜನ ತಿಳಿದಿದ್ದಾರೆ. ಆ ಉತ್ತರವನ್ನು ಹತ್ತು ದಿನ ಮುಂಚೆ ನನ್ನಂಥವಳೊಬ್ಬಳು ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಬರೆದಿರುತ್ತಾಳೆ. ಪ್ರಶ್ನೆಗೆ ನಾಲ್ಕು ಭಾಗ ಇರುತ್ತವೆ, ಅ, ಆ, ಇ, ಈ ಎಂದು. ನಿಮ್ಮ ಕಡೆಯ ಶಾಸಕರದ್ದು ಹೀಗಿತ್ತು. ಗಡಿಭಾಗದ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಯಂತ್ರಗಳು ನಿಂತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದರೆ, ಎಂದಿನಿಂದ? ದುರಸ್ತಿಗೆಂದು ಆ ಭಾಗಕ್ಕೆ ಕೊಟ್ಟ ಅನುದಾನ ಯಾವುದಕ್ಕೆ ಖರ್ಚಾಗಿದೆ? ಎಂದು ಸರಿಪಡಿಸಲಾಗುವುದು?

ಮೊದಲನೆಯದಕ್ಕೆ ‘ಇಲ್ಲ’ ಎಂದರೆ ಉಳಿದ ಮೂರಕ್ಕೂ ಒಂದೇ ಪದ ಸಾಕು: ಉದ್ಭವಿಸುವುದಿಲ್ಲ. ಕೆಲಸಕ್ಕೆ ಸೇರಿದ ವರ್ಷ ನನ್ನ ಮೇಲಧಿಕಾರಿ ಕಲಿಸಿಕೊಟ್ಟ ಮೊದಲ ವಿದ್ಯೆ ಇದು. “ಬಾಗಿಲಲ್ಲೇ ನಿಲ್ಲಿಸಿಬಿಡಿ, ಒಳಗೆ ಕುರ್ಚಿ ಹಾಕೋದು ತಪ್ಪುತ್ತೆ” ಎನ್ನುತ್ತಿದ್ದರು. ಹದಿನೆಂಟು ವರ್ಷ ಬಾಗಿಲಲ್ಲೇ ನಿಲ್ಲಿಸಿದ್ದೇನೆ. ಸುಳ್ಳು ಬರೆದದ್ದಿಲ್ಲ. ಯಾವ ಕಾಗದಕ್ಕೆ ಟಪಾಲು ಶಾಖೆಯಲ್ಲಿ ಸಂಖ್ಯೆ ಬಿದ್ದಿಲ್ಲವೋ ಅದು ಸರ್ಕಾರದ ಗಮನಕ್ಕೆ ಬಂದಿಲ್ಲ, ಅದು ನಮ್ಮ ನಿಯಮ. ನಿನ್ನ ಪತ್ರ ನನ್ನ ಮನೆಯ ವಿಳಾಸಕ್ಕೆ ಬಂದಿತ್ತು. ಅದನ್ನು ನೂರು ಹೆಜ್ಜೆ ನಡೆದು ಟಪಾಲು ಶಾಖೆಗೆ ಕೊಟ್ಟಿದ್ದರೆ ಅದು ಸರ್ಕಾರದ ಗಮನ ಆಗುತ್ತಿತ್ತು. ಕೈಚೀಲದಲ್ಲೇ ಇದ್ದುದರಿಂದ ಅದು ಅಕ್ಕತಂಗಿಯರ ಪತ್ರವಾಗಿ ಉಳಿಯಿತು. ಕಡತ ನೋಡಿದೆ, ದೂರು ಯಾವುದೂ ಇರಲಿಲ್ಲ. ‘ಇಲ್ಲ’ ಎಂದು ಬರೆದೆ. ನಿಜವನ್ನೇ ಬರೆದೆ ಎಂದು ಆ ಸಂಜೆ ಬಸ್ಸಿನಲ್ಲಿ ಎರಡು ಸಲ ನನಗೆ ನಾನೇ ಹೇಳಿಕೊಂಡೆ.

ನಿನ್ನನ್ನು ಕಾಪಾಡಲು ಹಾಗೆ ಮಾಡಿದೆ ಎಂದು ಬರೆಯಬೇಕೆಂದಿದ್ದೆ. ದೊಡ್ಡ ಡಾಕ್ಟರನ್ನು ದಾಟಿ ಬರೆದಿದ್ದೀಯ, ನಿನ್ನ ಮೇಲೆ ಹಗೆ ಸಾಧಿಸುತ್ತಾರೆ, ಅದಕ್ಕೇ ಎಂದು. ಅದು ಸ್ವಲ್ಪ ನಿಜವೂ ಹೌದು. ಆದರೆ ಆ ವಾರವೇ ಬಡ್ತಿಯ ಪಟ್ಟಿ ಅಂತಿಮವಾಗುವುದಿತ್ತು, ನನ್ನ ಹೆಸರು ಮೂರನೆಯದು. ಮಂತ್ರಿಗಳು ಸದನದಲ್ಲಿ ‘ಹೌದು’ ಎನ್ನಬೇಕಾಗಿ ಬಂದು, ಅದಕ್ಕೆ ಕಾರಣ ಈ ಶಾಖಾಧಿಕಾರಿಯ ಸ್ವಂತ ತಂಗಿಯ ಕಾಗದ ಎಂದಾಗಿದ್ದರೆ ಆ ಹೆಸರು ಅಲ್ಲಿ ಉಳಿಯುತ್ತಿರಲಿಲ್ಲ. ಈಗ ನನಗೆ ತಿರುಗುವ ಕುರ್ಚಿ ಕೊಟ್ಟಿದ್ದಾರೆ. ಬಾಗಿಲಿಗೆ ಬೆನ್ನು ಮಾಡಿ ಕೂರಬಹುದು.

ಆ ವಾರದ ಗುರುವಾರ ನೀನು ಫೋನ್ ಮಾಡಿ ಪತ್ರ ಬಂತಾ ಎಂದೆ. ಇನ್ನೂ ಇಲ್ಲ ಎಂದೆ ನಾನು.

ಉತ್ತರದ ದಿನ ನಾನು ಅಧಿಕಾರಿಗಳ ಗ್ಯಾಲರಿಯಲ್ಲಿ ಕೂತಿದ್ದೆ. ಮಂತ್ರಿಗಳು ನನ್ನ ‘ಇಲ್ಲ’ವನ್ನೂ ಮೂರು ‘ಉದ್ಭವಿಸುವುದಿಲ್ಲ’ಗಳನ್ನೂ ಓದಿ ಕೂತರು. ನಿಮ್ಮ ಶಾಸಕರು ಎದ್ದರು. ಅವರನ್ನು ನಾವು ಇಲಾಖೆಯಲ್ಲಿ ‘ಉಪಪ್ರಶ್ನೆ ತಾತ’ ಎನ್ನುತ್ತೇವೆ, ಒಂದು ಉತ್ತರಕ್ಕೆ ಬಿಡುವ ಆಸಾಮಿಯಲ್ಲ. ಕನ್ನಡಕ ಹಣೆಗೇರಿಸಿ, “ಗಮನಕ್ಕೆ ಬಂದಿಲ್ಲ ಅಂತೀರಿ. ಇಷ್ಟು ಗಟ್ಟಿಯಾಗಿ ಕೂಗ್ತಾ ಇದೀನಲ್ಲ ಸ್ವಾಮಿ, ಈಗಾದ್ರೂ ಬಂತೋ, ಇಲ್ಲ ನಾಳೆ ಬಂದು ಮತ್ತೆ ಕೂಗಲೋ?” ಎಂದರು. ಎಲ್ಲರೂ ನಕ್ಕರು. ಅವರೂ ನಕ್ಕರು. ಆಮೇಲೆ ನಗು ನಿಲ್ಲಿಸಿ, ದುರಸ್ತಿಯ ಅನುದಾನದಲ್ಲಿ ಆಸ್ಪತ್ರೆಗೆ ಹೊಸ ಗೇಟು, ಕಾಂಪೌಂಡಿಗೆ ಬಣ್ಣ ಬಂದಿದೆ, “ರೋಗಿ ಗೇಟು ನೋಡ್ಕೊಂಡು ವಾಪಸ್ ಹೋಗ್ಬೇಕಾ?” ಎಂದು ಕೇಳಿದರು. ಒಂದೇ ಒಂದು ದೂರೂ ಬಂದಿಲ್ಲ ಎಂದು ಮಂತ್ರಿಗಳು ಎದೆ ಮುಟ್ಟಿ ಹೇಳಲಿ ಎಂದರು.

ಮಂತ್ರಿಗಳು ಕತ್ತು ತಿರುಗಿಸಿ ಗ್ಯಾಲರಿಯ ಕಡೆ ನೋಡಿದರು. ಆಗ ಚೀಟಿ ಬರೆದು ಕಳಿಸುವುದು ನಮ್ಮ ಕೆಲಸ. ಕೈಚೀಲ ನನ್ನ ತೊಡೆಯ ಮೇಲಿತ್ತು. ಅದನ್ನೇ ಮೇಜು ಮಾಡಿಕೊಂಡು, ನಿನ್ನ ಪತ್ರದ ಮೇಲೆಯೇ ಕಾಗದವಿಟ್ಟು ಬರೆದ ಹಾಗೆ, ನಾಲ್ಕು ಪದ ಬರೆದೆ: ಲಿಖಿತ ದೂರು ಯಾವುದೂ ಬಂದಿಲ್ಲ. ಮಂತ್ರಿಗಳು ಅದನ್ನು ಓದಿದರು. ನಿನಗೆ ಫೋನಿನಲ್ಲಿ ಹೇಳಿದ್ದು ಬಿಟ್ಟರೆ, ಸದನದ ಮಟ್ಟಿಗೆ ಅಲ್ಲಿಯವರೆಗೆ ನಾನು ಸುಮ್ಮನಿದ್ದವಳು. ಸದನಕ್ಕೆ ಸುಳ್ಳು ಹೇಳಿದ್ದು ಆ ಚೀಟಿಯಲ್ಲಿ.

ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ಕಾದಿದ್ದಳು. ಟೀವಿಯಲ್ಲಿ ಎಲ್ಲ ನೋಡಿದ್ದಳು. “ಮಂತ್ರಿ ಓದಿದ್ದು ನಿನ್ನ ಚೀಟಿನೇ ತಾನೆ? ನಿನ್ನ ಸೀರೆ ಬಣ್ಣ ನೋಡಿ ಗೊತ್ತಾಯ್ತು! ಆ ಮುದುಕಂಗೆ ಸರಿಯಾಗಿ ಬಾಯಿ ಮುಚ್ಚಿಸಿದೆ ಬಿಡು” ಎಂದಳು. ಎದುರುಮನೆಯವರಿಗೂ ಹೇಳಿಯಾಗಿತ್ತು.

ಆ ಶನಿವಾರ ನೀನು ಮತ್ತೆ ಫೋನ್ ಮಾಡಿದೆ. ಪತ್ರ ಎಲ್ಲೋ ಕಳೆದುಹೋಗಿರಬೇಕು ಎಂದೆ ನಾನು. ನೀನು ಎರಡು ಪಾಳಿ ಮುಗಿಸಿ ಬಂದಿದ್ದೆ, ದನಿ ಒಡೆದಿತ್ತು. “ಹೋಗ್ಲಿ ಬಿಡಕ್ಕ, ನೀನೇನ್ ಮಾಡ್ತೀಯ. ರಜೆ ಸಿಕ್ಕಿದ ದಿನ ಕೂತು ಇನ್ನೊಂದು ಬರೀತೀನಿ” ಎಂದೆ. ಬೈದಿದ್ದರೆ ಚೆನ್ನಾಗಿತ್ತು.

ನಿನಗೆ ರಜೆ ಸಿಗಲಿಲ್ಲ. ಐದನೇ ದಿನ ಗುಂಡಿ ಮಾಮ ಬಸ್ಸಿನಲ್ಲೇ ತೀರಿಹೋದರು.

ನೋಟಿಸಿನಲ್ಲಿ ಅವರನ್ನು ‘ಅರವತ್ತೆಂಟು ವರ್ಷದ ಪುರುಷ ರೋಗಿ, ವೃತ್ತಿ ದರ್ಜಿ’ ಎಂದು ಬರೆದಿದ್ದಾರೆ. ನಮ್ಮಿಬ್ಬರ ಶಾಲೆಯ ಲಂಗ ಹೊಲಿದವರು, ನನಗೆ ಚಿಕ್ಕದಾದ ಮೇಲೆ ಅಂಚು ಬಿಚ್ಚಿ ನಿನಗೆ ಸರಿಮಾಡಿಕೊಡುತ್ತಿದ್ದವರು, ಅಳತೆ ತೆಗೆಯುವಾಗ ಅತ್ತರೆ ಡಬ್ಬಿಯಿಂದ ಒಂದು ಗುಂಡಿ ಕೊಟ್ಟು “ಇದು ನಿನಗೆ, ಅಂಗಿಗಲ್ಲ” ಎನ್ನುತ್ತಿದ್ದವರು ಎಂದು ಅದರಲ್ಲಿ ಇಲ್ಲ. ಮೂರು ತಾಸಾದ ಮೇಲೆ ಕಂಡಕ್ಟರ್ ಅವರ ಭುಜ ಮುಟ್ಟಿ ಎಬ್ಬಿಸಲು ನೋಡಿದನಂತೆ. ನಿನ್ನ ಪತ್ರದಲ್ಲಿದ್ದ ಹನ್ನೊಂದು ಜನರ ಪಟ್ಟಿಯಲ್ಲಿ ಅವರದು ಎರಡನೇ ಹೆಸರು. ಆ ಪಟ್ಟಿಯನ್ನು ನಾನು ಮಂಗಳವಾರವೇ ಓದಿದ್ದೆ. ಆ ಹೆಸರು ನೋಡಿಯೂ ಪತ್ರ ಮಡಿಸಿ ಒಳಗಿಟ್ಟೆ.

ಇವತ್ತಿಗೆ ಅವರು ಹೋಗಿ ಎರಡು ತಿಂಗಳು. ನಿನ್ನನ್ನು ಅಮಾನತಿನಲ್ಲಿಟ್ಟು ಮೂರು ವಾರ. ಇಪ್ಪತ್ತೆರಡಕ್ಕೆ ವಿಚಾರಣೆ. ಬರೆದ ದೂರು ತೋರಿಸು ಎಂದು ಕೇಳುತ್ತಾರೆ, ತೋರಿಸಲು ನಿನ್ನ ಬಳಿ ಏನೂ ಇಲ್ಲ. ಅಕ್ಕನಿಗೆ ಕಳಿಸಿದ್ದೆ, ತಲುಪಲಿಲ್ಲ ಎಂದು ನೀನು ಹೇಳುವುದೂ ಇಲ್ಲ, ನನ್ನ ಹೆಸರು ಎಳೆಯಬಾರದೆಂದು. ನಿನ್ನನ್ನು ಎತ್ತಿ ಬೆಳೆಸಿದವಳಿಗೆ ಅಷ್ಟು ಗೊತ್ತು.

ಆದ್ದರಿಂದ ನಿನ್ನ ಎರಡು ಪುಟಗಳನ್ನು ಇದರ ಜೊತೆ ಇಡುತ್ತಿದ್ದೇನೆ. ಮೇಲಿನ ಅಂಚಿನಲ್ಲಿ, ನನಗೆ ಅದು ಸಿಕ್ಕಿದ ತಾರೀಖು ಬರೆದು ಸಹಿ ಹಾಕಿದ್ದೇನೆ. ವಿಚಾರಣಾಧಿಕಾರಿಯ ಮುಂದೆ ಇಟ್ಟರೆ ಸಾಕು. ಇಡುವುದು ಬಿಡುವುದು ನಿನ್ನ ಇಷ್ಟ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ.

ನಿನ್ನ
ಅಕ್ಕ

ಇನ್ನೆರಡು ಮಾತು. ಸೋಮವಾರ, ಬೆಳಿಗ್ಗೆ ಹನ್ನೊಂದು. ಕಚೇರಿಯಿಂದ.

ನಿನ್ನೆ ಬರೆದದ್ದನ್ನು ಲಕೋಟೆಗೆ ಹಾಕಿ ಅಂಟಿಸುವ ಮುಂಚೆ ಮತ್ತೊಮ್ಮೆ ಓದಿದೆ. ‘ನಿನ್ನ ಇಷ್ಟ’ ಎಂದಿದ್ದೇನಲ್ಲ, ಅದೂ ನನ್ನ ಕಸುಬಿನದೇ ಕೈಚಳಕ. ಮೂಲ ಪತ್ರ ನಿನ್ನ ಕೈ ಸೇರಿದರೆ ನನ್ನನ್ನು ಉಳಿಸಲು ನೀನದನ್ನು ಒಲೆಗೆ ಹಾಕುತ್ತೀಯ. ಅದು ಗೊತ್ತಿದ್ದೇ ಹಾಗೆ ಬರೆದಿದ್ದೆನೋ ಏನೋ. ಅದಕ್ಕೆ ಈ ಲಕೋಟೆಯಲ್ಲಿ ಇರುವುದು ನೆರಳಚ್ಚು ಪ್ರತಿ ಮಾತ್ರ.

ಮೂಲವನ್ನು ಹತ್ತು ಗಂಟೆಗೆ ಟಪಾಲು ಶಾಖೆಗೆ ತೆಗೆದುಕೊಂಡು ಹೋದೆ. ಗುಮಾಸ್ತರು ಮೊಹರು ಒತ್ತಿ 4417 ಎಂದು ಸಂಖ್ಯೆ ಹಾಕಿದರು. ಆಮೇಲೆ ತಾರೀಖು ನೋಡಿ, “ಮೇಡಂ, ಇದು ಮೂರು ತಿಂಗಳ ಹಿಂದಿನದು! ತಡ ಆಗಿದ್ದಕ್ಕೆ ಷರಾ ಬರೀಬೇಕು. ಇಷ್ಟು ದಿನ ಎಲ್ಲಿತ್ತು ಅಂತ ಹಾಕ್ಲಿ?” ಎಂದರು.

ನನ್ನ ಕೈಚೀಲದಲ್ಲಿತ್ತು ಅಂತ ಬರ್ಕೊಳ್ಳಿ ಎಂದೆ. ಮೊದಲು ನಕ್ಕರು. ನನ್ನ ಮುಖ ನೋಡಿದರು. ಆಮೇಲೆ ಪೆನ್ನಿನ ಮುಚ್ಚಳ ತೆಗೆದು, ಹಾಗೇ ಬರೆದುಕೊಂಡರು.