ಸುಂದ್ರವ್ವನ ಉಡಿ

ಜೂನ್ 3, ಬೆಳಿಗ್ಗೆ 5.20

ಒಂದು ಅಧ್ಯಾಯ ಆಯಿತು. ಇನ್ನು ಹತ್ತೊಂಬತ್ತು. ‘ಬೆಲ್ಲದ ಬಾಗಿಲು’ ಸೀರಿಯಲ್ಲನ್ನು ಇಪ್ಪತ್ತೊಂದು ದಿನದಲ್ಲಿ ಕಾದಂಬರಿ ಮಾಡಿ ಕೊಡಬೇಕಂತೆ. ಇವರೇನು ಉಪ್ಪಿಟ್ಟು ಕೇಳಿದರೇ? ಎಂಟಕ್ಕೆ ಚಿಕ್ಕೋಡಿ ಬಸ್ಸು, ಹತ್ತಕ್ಕೆ ಶಾಲೆಯಲ್ಲಿ ಪಾಠ. ಚಾನೆಲ್ಲಿನ ಅಭಿನಂದನ ಬೆಂಗಳೂರಿನಿಂದ ಮತ್ತೆ ಮೇಲ್ ಹಾಕಿದ್ದಾನೆ — ನಾಯಕಿ ಸಿಟ್ಟಾಗುವಂತಿಲ್ಲ. ಗಂಡ ಕಪಾಳಕ್ಕೆ ಹೊಡೆದರೂ? ಹೊಡೆದರೂ. ಟಿವಿಯಲ್ಲಿ ಅವಳು ಸಿಟ್ಟಾಗುವುದು ದೀಪಾವಳಿಗೆ. ಪುಸ್ತಕದಲ್ಲಿ ಅದಕ್ಕೂ ಮೊದಲು ಆಗಕೂಡದು.

ಜೂನ್ 9, ಭಾನುವಾರ

ಅವರ ಪಾತ್ರಗಳನ್ನು ಮುಟ್ಟುವಂತಿಲ್ಲ. ಅದಕ್ಕೇ ಏಳನೆಯ ಅಧ್ಯಾಯಕ್ಕೆ ನನ್ನದೇ ಒಂದು ಪಾತ್ರ ತಂದೆ — ನಿಪ್ಪಾಣಿಯಲ್ಲಿ ತಂಬಾಕು ತುಂಬಿಡುವ ವಖಾರದಲ್ಲಿ ದುಡಿಯುವವಳು. ಅವ್ವನ ಕಥೆ. ಗೇಟಿನಲ್ಲಿ ಕೂಲಿಗಳ ಮೇಲಿನ ಮುಕಾದಮ ತಂಬಾಕು ಕದ್ದಿದ್ದೀ ಅಂದಾಗ ಎಲ್ಲರೆದುರು ಸೀರೆಯ ಉಡಿ ಝಾಡಿಸಿದ್ದಳು. ಬಿದ್ದದ್ದು ಅರ್ಧ ರೊಟ್ಟಿ. ಅವನು ತಪ್ಪಾಯಿತು ಅನ್ನುವ ತನಕ ಗೇಟು ಬಿಟ್ಟು ಕದಲಲಿಲ್ಲ. ಬರೆಯುತ್ತ ಕಣ್ಣು ತುಂಬಿತು. ಬೇರೆ ಹೆಸರು ಹೊಳೆಯಲಿಲ್ಲ, ಸದ್ಯಕ್ಕೆ ಅವ್ವನದೇ, ಸುಂದ್ರವ್ವ ಅಂತಲೇ ಇದೆ. ಆಮೇಲೆ ಬದಲಿಸಬೇಕು.

ಜೂನ್ 24

ಕಳಿಸಿದೆ. ಕೊನೆಯ ನಾಲ್ಕು ಅಧ್ಯಾಯ ಬಸ್ಸಿನಲ್ಲಿ, ಫೋನಿನಲ್ಲೇ. ತಿರುಗಿ ಓದಲಿಲ್ಲ.

ಜೂನ್ 27

ಹೆಸರು ಬದಲಿಸುವುದೇ ಮರೆತೆ! ಮಂಜೂರಾಗಿದೆ, ಇನ್ನು ಅಕ್ಷರ ಮುಟ್ಟುವಂತಿಲ್ಲ ಅಂದ ಅಭಿನಂದನ. ಇರಲಿ. ಅವ್ವನ ಹೆಸರು ಪುಸ್ತಕದಲ್ಲಿ ಬಂದರೆ ಒಳ್ಳೆಯದೇ. ಅಚ್ಚಾದ ಮೇಲೆ ಕೈಗೇ ಕೊಡುತ್ತೇನೆ.

ಆಗಸ್ಟ್ 2

ಅಭಿನಂದನನ ಫೋನು. ಸುಂದ್ರವ್ವ ಎಲ್ಲರಿಗೂ ಹಿಡಿಸಿದ್ದಾಳಂತೆ, ಸೀರಿಯಲ್ಲಿಗೇ ತರುತ್ತಾರಂತೆ. ಒಂದೇ ಬದಲಾವಣೆ — ಉಡಿಯಿಂದ ತಂಬಾಕು ಬೀಳುತ್ತದೆ. ನಾಯಕಿಗೆ ಕ್ಷಮಿಸಲು ಒಬ್ಬ ಕಳ್ಳಿ ಬೇಕಲ್ಲ!

“ಅದು ನಮ್ಮವ್ವನ ಕತಿರಿ. ಆಕಿ ಕಳ್ಳಿ ಅಲ್ಲ,” ಅಂದೆ.

ಅವನೂ ನಮ್ಮ ಕಡೆಯವನೇ, ಅಥಣಿ. ಬೆಂಗಳೂರು ಕನ್ನಡ ಬಿಟ್ಟು ಊರಿನದಕ್ಕೆ ಇಳಿದ. “ಕರಾರು ಓದ್ರಿ ಮೇಡಮ್ಮರ. ನೀವು ಹುಟ್ಟಿಸಿದ ಪಾತ್ರಾನೂ ಚಾನೆಲ್ಲಿಗೇ ಸೇರ್ತೈತಿ.”

ನಾನು ಹುಟ್ಟಿಸಿದ್ದೇ? ನನ್ನನ್ನು ಹುಟ್ಟಿಸಿದವಳು ಅವಳು! ಕರಾರು ತೆಗೆದು ನೋಡಿದೆ. ಹದಿನಾಲ್ಕನೆಯ ಕಲಮು. ಕೆಳಗೆ ನನ್ನದೇ ಸಹಿ.

ಆಗಸ್ಟ್ 9

ಎರಡು ಪತ್ರ, ಹನ್ನೊಂದು ಫೋನು. ಹೆಸರಾದರೂ ಬದಲಿಸಿರಿ ಅಂದೆ. ಶೂಟಿಂಗ್ ಮುಗಿದಿದೆಯಂತೆ. ದಿನಾ ಆರೂವರೆಗೆ ಓಣಿಯ ಹೆಂಗಸರೆಲ್ಲ ನಮ್ಮ ಟಿವಿ ಮುಂದೆ. ಕೆಟ್ಟಿದೆ ಅಂತ ಸುಳ್ಳು ಹೇಳಲೇ? ಅವ್ವನಿಗೆ ಇನ್ನೂ ಹೇಳಿಲ್ಲ. ಹೇಡಿ ನಾನು.

ಆಗಸ್ಟ್ 12, ಸಂಜೆ 7.20

ಸುಂದ್ರವ್ವ ಬಂದಳು. ಹೆಸರು ಕೇಳಿ ಹೆಂಗಸರು ನಕ್ಕರು, ಉಡಿಯಲ್ಲಿ ಶೇಂಗಾ ಇಟ್ಟುಕೊಂಡು ಬಿಡಿಸುತ್ತಿದ್ದ ಅವ್ವನೂ ನಕ್ಕಳು. ವಖಾರ, ಗೇಟು, ಮುಕಾದಮ... ನಗು ನಿಂತಿತು. ತಂಬಾಕು ಬಿತ್ತು. ಮೂವತ್ತು ವರ್ಷ ಅವ್ವನ ಪಕ್ಕದಲ್ಲೇ ಕೂತು ದುಡಿದ ಸಾವಕ್ಕ ತಲೆ ತಗ್ಗಿಸಿದಳು.

ಅವ್ವ ಎದ್ದಳು. ವಯಸ್ಸು ಎಪ್ಪತ್ತೊಂದು, ಮೊಣಕಾಲು ನೋವು. ಎಲ್ಲರೆದುರು ನಿಂತು ಉಡಿ ಝಾಡಿಸಿದಳು. ಶೇಂಗಾ ನೆಲದ ತುಂಬ ಚೆಲ್ಲಿತು. ಹೆಂಗಸರು ಒಬ್ಬೊಬ್ಬರೇ ಎದ್ದು ಹೋದರು.

ಆಮೇಲೆ ಅವ್ವನಿಗೆ ಹೇಳಿದೆ — ಬರೆದವಳು ನಾನು, ತಿರುಚಿದವರು ಅವರು. ಆದರೆ ಅವಳನ್ನು ಮತ್ತೆ ಗೇಟಿಗೆ ನಿಲ್ಲಿಸಿದ್ದು ನಾನೇ.

“ನೀ ಬರದದ್ದರಾಗ ಏನ ಬಿತ್ತು?”

ರೊಟ್ಟಿ ಅಂದೆ.

“ಹಂಗಾರ ಎಲ್ಲಾರ್ನೂ ತಿರುಗಿ ಕರಿ. ಗಟ್ಟ್ಯಾಗಿ ಓದು.”

ಕರೆದು ಬಂದೆ. ಪುಸ್ತಕ ಬರುವ ಮೊದಲು ಯಾರಿಗೂ ಓದಿ ಹೇಳುವಂತಿಲ್ಲ — ಅದು ಹದಿನೈದನೆಯ ಕಲಮು. ಏಳನೆಯ ಅಧ್ಯಾಯ ತೆಗೆದಿಟ್ಟಿದ್ದೇನೆ. ಸಾವಕ್ಕ ಬಂದಾಯಿತು, ಬಾಗಿಲಲ್ಲಿ ಇನ್ನೂ ಮೂವರು ಚಪ್ಪಲಿ ಬಿಡುತ್ತಿದ್ದಾರೆ. ಶೇಂಗಾ ಗುಡಿಸಲು ಅವ್ವ ಬಿಡಲಿಲ್ಲ. ನಡುವೆ ಕುರ್ಚಿ ಹಾಕಿಸಿಕೊಂಡು ಕೂತಿದ್ದಾಳೆ, ಈಗ ನನ್ನ ಕಡೆ ಕೈ ಮಾಡಿ, ಓದು ಅಂತ—